ಮುಂದಿನ ಸಾಲಿಗೆ ಕೇಳಿಸಿದ ಗಿಟಾರು

ಮಾರ್ಚ್ 2

ಮೈಕಾಸುರನಿಗೆ,

ಬದುಕಿದ್ದೀಯಾ? ಹೊಸ ವರ್ಷಕ್ಕೆ ಕಾರ್ಡು ಹಾಕಿದ್ದೆ, ಅದಕ್ಕೂ ಉತ್ತರವಿಲ್ಲ. ಫೋನ್ ಮಾಡೋಣವೆಂದರೆ ನೀನು ‘ಹೂಂ’, ‘ಹೂಂ’ ಎನ್ನುವುದರಲ್ಲೇ ಮೂರು ನಿಮಿಷ ಮುಗಿಸುತ್ತೀಯ. ಕಾಗದದಲ್ಲಾದರೂ ಬಾಯಿ ಬಿಡುತ್ತೀಯೇನೋ ಎಂದು ಬರೆಯುತ್ತಿದ್ದೇನೆ.

ಮೇ ಹತ್ತಕ್ಕೆ ನನಗೆ ನಿವೃತ್ತಿ. ಬಿಸ್ಕತ್ತಿನ ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಲ್ಲಿ ಮೂವತ್ತೊಂದು ವರ್ಷ ನಿಂತು ಸವೆದದ್ದು ಸಾಕು. ಅದಕ್ಕೆ ಮೊದಲು ಒಂದು ಆಸೆ ಇದೆ, ಕೇಳು.

ಹೋದ ವಾರ ನಮ್ಮ ಹಳೆ ಬೀದಿಯ ಕಾಂಪೌಂಡರ್ ಇಲ್ಲಿ ಮಗಳ ಮನೆಗೆ ಬಂದಿದ್ದ. ಅವನು ಹೇಳಿದ ಮೇಲೆಯೇ ಗೊತ್ತಾಗಿದ್ದು: ನಮ್ಮ ಗೆಳೆಯ ತಂತಿ ಇನ್ನೂ ಗಿಟಾರು ಬಿಟ್ಟಿಲ್ಲವಂತೆ. ಹಳೆ ಹಾಡುಗಳ ಆರ್ಕೆಸ್ಟ್ರಾ ಕಟ್ಟಿಕೊಂಡು ಪ್ರತಿ ಭಾನುವಾರ ಸಂಜೆ ಈಜುಕೊಳದ ಪಕ್ಕದ ಹಾಲಿನಲ್ಲಿ ನುಡಿಸುತ್ತಾನಂತೆ. ಮೈಕ್ ಸೆಟ್ಟು ನಿನ್ನದೇ ಅಂತೆ! ಇಷ್ಟೆಲ್ಲ ನಡೆಯುತ್ತಿದೆ, ನನಗೆ ಒಂದು ಸಾಲು ಬರೆಯುವುದಕ್ಕೆ ನಿನಗೆ ಕೈ ನೋವೇ?

ಹದಿನಾರರ ವಯಸ್ಸಿನಲ್ಲಿ ಅವನ ಮನೆಯ ಮೆಟ್ಟಿಲ ಮೇಲೆ ಕೂತು ಒಂದೇ ರೈಲಿನ ಹಾಡನ್ನು ನೂರು ಸಲ ಕೇಳಿ, ಅಮ್ಮನ ಕೈಲಿ ಬೈಸಿಕೊಂಡಿದ್ದೇನೆ. ಆ ಹಾಡುಗಳನ್ನು ಇನ್ನೊಂದು ಸಲ ಅವನ ಕೈಯಿಂದಲೇ ಕೇಳಬೇಕು. ಕಾಂಪೌಂಡರನನ್ನೂ ನಮ್ಮ ಗುಂಪಿನ ಆ ಬಸ್ಸಿನ ಡ್ರೈವರನನ್ನೂ ನಾನು ಎಳೆದು ತರುತ್ತೇನೆ. ಮುಂದಿನ ಸಾಲಿನಲ್ಲಿ ಮೂರು ಕುರ್ಚಿ ಹಿಡಿದಿಡು. ಯಾವ ಭಾನುವಾರ ಎಂದು ತಿಳಿಸು.

ದೊರೆಸಾನಿ

(ನೀವಿಟ್ಟ ಹೆಸರು. ಇಲ್ಲಿ ನನ್ನ ಕೈಕೆಳಗಿನ ಹುಡುಗಿಯರೂ ಬೆನ್ನ ಹಿಂದೆ ಇದನ್ನೇ ಅನ್ನುತ್ತಾರೆ. ಯಾರು ಚಾಡಿ ಹೇಳಿದರೋ.)


ಮಾರ್ಚ್ 9

ದೊರೆಸಾನಿಯವರ ಸನ್ನಿಧಾನಕ್ಕೆ,

ಬದುಕಿದ್ದೇನೆ ತಾಯಿ. ನಿವೃತ್ತಿಯ ಸುದ್ದಿ ಕೇಳಿ ಸಂತೋಷವಾಯಿತು. ನಿನ್ನ ಹುಡುಗಿಯರಿಗೆ ಇನ್ನೂ ಹೆಚ್ಚು ಸಂತೋಷವಾಗಿರಬೇಕು.

ಆರ್ಕೆಸ್ಟ್ರಾ ವಿಷಯ. ನೀನು ಅಷ್ಟು ದೂರದಿಂದ ಹತ್ತು ಗಂಟೆ ರೈಲಿನಲ್ಲಿ ಕೂತು ಬರುವಂಥದ್ದು ಇಲ್ಲಿ ಏನೂ ಇಲ್ಲ. ಹಾಲಿನಲ್ಲಿ ಫ್ಯಾನು ಹಾಕಿದರೆ ಗದ್ದಲ, ನಿಲ್ಲಿಸಿದರೆ ಸೆಕೆ. ಈಗ ಹಾಡುವುದು, ಕೀಬೋರ್ಡು ನುಡಿಸುವುದು ಎಲ್ಲ ಹೊಸಬರು. ತಂತಿಗೂ ವಯಸ್ಸಾಯಿತು. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಮುದ್ರಣದ ಯಂತ್ರದ ಪಕ್ಕ ನಿಂತವನು, ಈಗೀಗ ಕಿವಿ ಸ್ವಲ್ಪ ಮಂದ. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಯ ಹಿಂದಿನ ಕೋಣೆಯಲ್ಲಿದ್ದಾನೆ.

ಬರುವುದಾದರೆ ವಾರದ ಬೇರೆ ದಿನ ನಮ್ಮ ಮನೆಗೇ ಬಾ. ಎಲ್ಲರೂ ಕೂತು ಹೊಟ್ಟೆ ತುಂಬ ಮಾತಾಡೋಣ. ಮುಂದಿನ ಸಾಲು ಬೇಡವೇ ಬೇಡ, ಸ್ಪೀಕರ್ ನೇರ ಕಿವಿಗೇ ಬಡಿಯುತ್ತದೆ.

ಮೈಕು


ಮಾರ್ಚ್ 13

ಅಯ್ಯೋ ಸೋಮಾರಿ,

ಮೂರು ಕುರ್ಚಿ ಹಿಡಿದಿಡಲು ಇಷ್ಟು ಕುಂಟುನೆಪವೇ? ಯಂತ್ರದ ಸದ್ದಿನಲ್ಲಿ ಮೂವತ್ತೊಂದು ವರ್ಷ ಕಳೆದ ಕಿವಿ ನನ್ನದೂ. ನಿನ್ನ ಸ್ಪೀಕರಿಗೆ ಹೆದರುತ್ತದೆಯೇ?

ಇಪ್ಪತ್ತಮೂರರ ಭಾನುವಾರ ಬರುತ್ತಿದ್ದೇವೆ. ಟಿಕೆಟ್ ಆಗಿದೆ. ಡ್ರೈವರ ಈಗಲೇ ಶರ್ಟು ಇಸ್ತ್ರಿ ಮಾಡಿಸಿ ಇಟ್ಟಿದ್ದಾನಂತೆ, ಹೆಂಡತಿ ಅನುಮಾನ ಪಡುತ್ತಿದ್ದಾಳಂತೆ. ತಂತಿಗೆ ಹೇಳಬೇಡ. ಮುಂದೆ ಕೂತ ನಮ್ಮನ್ನು ಕಂಡು ಅವನ ಮುಖ ಹೇಗಾಗುತ್ತದೋ ನೋಡಬೇಕು.

ದೊರೆಸಾನಿ


ಮಾರ್ಚ್ 26

ಮೈಕಾಸುರ,

ಊರಿಗೆ ಬಂದು ಎರಡು ದಿನವಾಯಿತು, ನಾನಿನ್ನೂ ಆ ಹಾಲಿನಲ್ಲೇ ಇದ್ದೇನೆ. ಪ್ಯಾಕಿಂಗ್ ಬೆಲ್ಟಿನ ಮುಂದೆ ಕಾಲು ತಾಳ ಹಾಕುತ್ತಿದೆ. ಹುಡುಗಿಯರು ಮುಸಿಮುಸಿ ನಗುತ್ತಾರೆ, ನಗಲಿ.

ಏನು ನುಡಿಸಿದ ಕಣೋ! ಇಷ್ಟು ವರ್ಷದಲ್ಲಿ ಅವನ ಕೈ ಮೊಂಡಾಗಿರುತ್ತದೆ ಅಂದುಕೊಂಡಿದ್ದೆ. ನಾನು ಕಣ್ಣು ಮಿಟುಕಿಸದೆ ಅವನ ಬೆರಳುಗಳನ್ನೇ ನೋಡುತ್ತಿದ್ದೆ. ಒಂದು ವಿಚಿತ್ರ ಹೇಳುತ್ತೇನೆ. ಆ ರೈಲಿನ ಹಾಡಿನಲ್ಲಿ ಅವನ ಬೆರಳು ತಂತಿ ಮುಟ್ಟುವ ಮೊದಲೇ ಸ್ವರ ಬಂದುಬಿಡುತ್ತಿತ್ತು. ಡ್ರೈವರನಿಗೆ ತಿವಿದು ತೋರಿಸಿದೆ. ‘ಕೈ ಅಷ್ಟು ಫಾಸ್ಟು ಕಣೇ, ನಮ್ ಕಣ್ಣಿಗೆ ಸಿಗಲ್ಲ’ ಅಂದ. ಕಾಂಪೌಂಡರ್ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಅಭ್ಯಾಸ ಅಂದರೆ ಅದು.

ನೀನು ಮಾತ್ರ ಹಾಲಿನ ಹಿಂದೆ ಆ ಗುಂಡಿಗಳ ಪೆಟ್ಟಿಗೆಯ ಮುಂದೆ ಪರೀಕ್ಷೆ ಬರೆಯುವವನ ಹಾಗೆ ತಲೆ ಬಗ್ಗಿಸಿ ಕೂತಿದ್ದೆ. ಒಂದು ಸಲವೂ ನಮ್ಮ ಕಡೆ ನೋಡಲಿಲ್ಲ. ಮುಗಿದ ಮೇಲೂ ವೈರು ಸುತ್ತುವ ನೆಪ ಹೇಳಿ ಅತ್ತ ಹೋದೆ. ಅಷ್ಟು ಮುಜುಗರ ಯಾಕೋ?

ತಂತಿ ನನ್ನ ಕೈ ಹಿಡಿದುಕೊಂಡು, ‘ನಿಜ ಹೇಳೇ, ಚೆನ್ನಾಗಿತ್ತಾ?’ ಎಂದು ಮೂರು ಸಲ ಕೇಳಿದ. ಮೂರು ಸಲವೂ ಅವನ ಕಿವಿಗೆ ಬಾಯಿಟ್ಟು, ಚೆನ್ನಾಗಿತ್ತು ಅಂದೆ. ಅತ್ತುಬಿಟ್ಟ ಕಣೋ. ಹೆಂಡತಿ ಹೋದ ಮೇಲೆ ಯಾರೂ ಬಂದು ಹೀಗೆ ಹೇಳಿರಲಿಲ್ಲವಂತೆ.

ಅಲ್ಲೇ ನಿಂತು ತೀರ್ಮಾನ ಮಾಡಿದೆ. ಮೇ ಹತ್ತಕ್ಕೆ ನಮ್ಮ ಕ್ಯಾಂಟೀನ್ ಹಾಲಿನಲ್ಲಿ ನನ್ನ ಬೀಳ್ಕೊಡುಗೆ. ಇನ್ನೂರು ಜನ. ಅಲ್ಲಿ ತಂತಿ ನುಡಿಸುತ್ತಾನೆ. ಹಾಡುವವರು ಬೇಡ, ಕೀಬೋರ್ಡಿನವಳು ಬೇಡ, ಅವನೊಬ್ಬನೇ, ಅರ್ಧ ಗಂಟೆ. ಕೇಳಿದ ಕೂಡಲೇ ಒಪ್ಪಿದ. ಮ್ಯಾನೇಜರೂ ಒಪ್ಪಿದ್ದಾರೆ. ನಮ್ಮ ಎಲೆಕ್ಟ್ರಿಷಿಯನ್ ಹತ್ತಿರ ಮೈಕು, ಸ್ಪೀಕರು ಎಲ್ಲ ಇದೆ. ನೀನು ಸಾಮಾನು ಹೊತ್ತು ತರುವ ತಾಪತ್ರಯವೂ ಇಲ್ಲ.

ದೊರೆಸಾನಿ


ಮಾರ್ಚ್ 30

ದೊರೆಸಾನಿ,

ನೀನು ಕೇಳಿದ್ದು ತಂತಿಯ ಗಿಟಾರಲ್ಲ. ಅದು ಕೀಬೋರ್ಡಿನ ಹುಡುಗಿ ನುಡಿಸಿದ್ದು. ಆ ವಾದ್ಯದಲ್ಲಿ ಗಿಟಾರಿನ ದನಿಯೂ ಬರುತ್ತದೆ. ಬೆರಳಿಗಿಂತ ಮೊದಲು ಸ್ವರ ಬಂದಿದ್ದು ಅದಕ್ಕೆ.

ನನ್ನ ಮಿಕ್ಸರಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗುಂಡಿ. ಮೇಲೆ ತಳ್ಳಿದರೆ ಅವರ ಸದ್ದು ಹಾಲಿಗೆ ಹೋಗುತ್ತದೆ, ಕೆಳಗೆ ಎಳೆದರೆ ಹೋಗುವುದಿಲ್ಲ. ಮೂರನೆಯದು ತಂತಿಯದು. ಒಂದು ವರ್ಷದ ಮೇಲಾಯಿತು, ಅದನ್ನು ನಾನು ಪೂರ್ತಿ ಕೆಳಗೆ ಎಳೆದಿಟ್ಟು. ಅವನ ಕಾಲ ಬಳಿ ಒಂದು ಪುಟ್ಟ ಸ್ಪೀಕರ್ ಇಟ್ಟಿದ್ದೇನೆ, ಅದರಲ್ಲಿ ಅವನದು ಅವನಿಗೆ ಮಾತ್ರ ಕೇಳಿಸುತ್ತದೆ. ಅದೂ ಎಷ್ಟು ಕೇಳಿಸುತ್ತದೋ. ಹಾಲಿನ ಇಷ್ಟೂ ಜನಕ್ಕೆ ತನ್ನ ಗಿಟಾರು ಕೇಳುತ್ತಿದೆ ಎಂದುಕೊಂಡು ಅವನು ನುಡಿಸುತ್ತಾನೆ.

ಅವನ ಕಿವಿ ಹೋಗಿದೆ. ಗಿಟಾರಿನ ಒಂದು ತಂತಿಯ ಶ್ರುತಿ ಇನ್ನೊಂದಕ್ಕೆ ಸೇರುವುದಿಲ್ಲ, ತಾಳ ಒಂದು ಹೆಜ್ಜೆ ಹಿಂದೆ. ಹಾಡುವವಳು ಮೊದಲು ಸಹಿಸಿಕೊಂಡಳು, ಆಮೇಲೆ ‘ಅವರಿದ್ರೆ ನಾನಿಲ್ಲ ಅಂಕಲ್’ ಅಂದಳು. ಆರ್ಕೆಸ್ಟ್ರಾ ಕಟ್ಟಿದವನನ್ನೇ ಹೊರಗೆ ಹಾಕುವುದು ಹೇಗೆ? ವಾರದ ಆರು ದಿನವೂ ಅವನು ಭಾನುವಾರಕ್ಕಾಗಿ ಕಾಯುತ್ತಾನೆ. ನಾನೇ ಹೇಳಿದೆ: ಅವನು ವೇದಿಕೆಯ ಮೇಲಿರಲಿ, ಸದ್ದಿನ ವಿಷಯ ನನಗೆ ಬಿಡಿ. ಉಪಾಯ ನನ್ನದೇ. ಒಂದೆರಡು ತಿಂಗಳ ಮಾತು ಅಂದುಕೊಂಡಿದ್ದೆ.

ಕಿವಿಗೆ ಹಾಕುವ ಯಂತ್ರದವನನ್ನು ಗುಟ್ಟಾಗಿ ಕೇಳಿದ್ದೇನೆ. ‘ಸದ್ದು ಏರಿಸ್ಬಹುದು, ಸ್ವರ ನೆಟ್ಟಗೆ ಕೇಳ್ಸೋ ಹಾಗೆ ಮಾಡೋಕೆ ನಮ್ ಕೈಲಾಗಲ್ಲ’ ಅಂದ. ತಂತಿಗಂತೂ ಕಿವಿಯ ಮಾತೆತ್ತಿದರೆ, ‘ನನ್ ಕಿವಿಗೇನಾಗಿದೆ? ನೀವೆಲ್ಲ ವಯಸ್ಸಾಗಿ ಗೊಣಗೋಕೆ ಶುರು ಮಾಡಿದೀರ’ ಎನ್ನುತ್ತಾನೆ.

ನಿನ್ನ ಕ್ಯಾಂಟೀನಿನಲ್ಲಿ ಕೀಬೋರ್ಡಿನ ಹುಡುಗಿ ಇರುವುದಿಲ್ಲ. ನಾನೂ ಇರುವುದಿಲ್ಲ. ಇನ್ನೂರು ಜನದ ಮುಂದೆ ಅವನೊಬ್ಬನೇ.

ಇದನ್ನೆಲ್ಲ ಬರೆದು ಮುಗಿಸಿದ ಮೇಲೆ ಧೈರ್ಯ ಸೋರಿಹೋಯಿತು. ನೀನು ಓದಿದ ಮರುಕ್ಷಣವೇ ಅವನಿಗೆ ಹೇಳಿಬಿಡುತ್ತೀಯ, ನಿನ್ನ ಬಾಯಿ ನನಗೆ ಗೊತ್ತಿಲ್ಲವೇ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಮೇಜಿನ ಡ್ರಾಯರಿನಲ್ಲಿರಲಿ.

ಮೈಕು


ಏಪ್ರಿಲ್ 2

ದೊರೆಸಾನಿಗೆ,

ನಿನ್ನ ಕಾಗದ ತಲುಪಿತು. ನೀವೆಲ್ಲ ಬಂದಿದ್ದು ಬಹಳ ಸಂತೋಷ. ಒಂದು ಸಣ್ಣ ಸಲಹೆ. ತಂತಿಗೆ ಮೊಣಕಾಲು ನೋವು ಜಾಸ್ತಿ, ಅಷ್ಟು ದೂರದ ಪ್ರಯಾಣ ಆಗುವುದಿಲ್ಲ. ಬೇಕೇ ಬೇಕೆಂದರೆ ಆರ್ಕೆಸ್ಟ್ರಾ ಪೂರ್ತಿ ಬರುತ್ತೇವೆ, ನಾನೂ ಬರುತ್ತೇನೆ, ಖರ್ಚು ನಮ್ಮದೇ. ಒಂಟಿ ಗಿಟಾರು ಅಷ್ಟು ಜನಕ್ಕೆ ಕಳೆ ಕಟ್ಟುವುದಿಲ್ಲ. ಯೋಚಿಸು.

ಮೈಕು


ಏಪ್ರಿಲ್ 18

ಮೈಕಪ್ಪನವರೇ,

ಯೋಚಿಸಿದೆ. ಆಗುವುದಿಲ್ಲ.

ಅವನ ಮೊಣಕಾಲಿನ ಬಗ್ಗೆ ಅವನನ್ನೇ ಕೇಳಿ ಬರೆದಿದ್ದೆ. ‘ನನ್ನ ಮೊಣಕಾಲು ಕಲ್ಲುಗುಂಡಿನ ಹಾಗಿದೆ, ಯಾರು ಹೇಳಿದ್ದು?’ ಎಂದು ಉತ್ತರ ಬಂದಿದೆ. ದಿನಕ್ಕೆ ನಾಲ್ಕು ಗಂಟೆ ಅಭ್ಯಾಸ ಮಾಡುತ್ತಿದ್ದಾನಂತೆ. ಹೊಸ ತಂತಿ ಹಾಕಿಸಿದ್ದಾನಂತೆ. ಹಾಡುಗಳ ಪಟ್ಟಿಯನ್ನು ಎರಡು ಸಲ ಬದಲಾಯಿಸಿ ಕಳಿಸಿದ್ದಾನೆ. ನನ್ನ ಆಯುಸ್ಸಿನಲ್ಲಿ ಇನ್ನೂ ಒಂದು ಕೆಲಸ ಉಳಿದಿತ್ತು ನೋಡು ಎಂದು ಬರೆದಿದ್ದಾನೆ. ಓದಿ ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

ನಿನ್ನದು ಏನೆಂದು ನನಗೆ ಅರ್ಥವಾಗಿದೆ. ಅವನು ಒಬ್ಬನೇ ನುಡಿಸಿ ರುಚಿ ಕಂಡರೆ ನಿನ್ನ ಆರ್ಕೆಸ್ಟ್ರಾ ಬಿಟ್ಟಾನು ಎಂಬ ಭಯ. ಭಾನುವಾರದ ನಿನ್ನ ಅಂಗಡಿ ಮುಚ್ಚೀತು ಎಂಬ ಭಯ. ಇಷ್ಟು ಸಣ್ಣವನಾಗಬೇಡ ಕಣೋ.

ಅಂದ ಹಾಗೆ ಈ ವಾರ ಮೂರು ಸಲ ಯಾರೋ ಫೋನ್ ಮಾಡಿ, ನಾನು ‘ಹಲೋ’ ಅಂದ ಕೂಡಲೇ ಇಟ್ಟುಬಿಟ್ಟರು. ನಮ್ಮೆಜಮಾನರು, ‘ನಿನ್ನ ದನಿಗೇ ಹೆದರಿರ್ತಾರೆ ಬಿಡು’ ಎನ್ನುತ್ತಾರೆ.

ದೊರೆಸಾನಿ


ಮೇ 3

ದೊರೆಸಾನಿ,

ಫೋನ್ ಮಾಡಿದವನು ನಾನೇ. ಇದರ ಜೊತೆ ಮಾರ್ಚ್ ಮೂವತ್ತರ ಕಾಗದವೊಂದಿದೆ. ಮೊದಲು ಅದನ್ನು ಓದು.

ಓದಿದೆಯಾ? ಬೈಯುವುದಿದ್ದರೆ ಆಮೇಲೆ ಬೈಯುವೆಯಂತೆ. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದರೆ, ನಿನಗೆ ಹೇಳುವ ಬದಲು ಅವನಿಗೇ ಹೇಳಿಬಿಡೋಣ ಎಂದು ತೀರ್ಮಾನಿಸಿದ್ದೆ. ನಾಲ್ಕು ಸಲ ಹೋದೆ. ಮೊದಲ ಸಲ ಬಾಗಿಲಿನಿಂದಲೇ ವಾಪಸು ಬಂದೆ. ಎರಡನೇ ಸಲ ಮಗಳು ಅಡುಗೆಮನೆಯ ಬಾಗಿಲು ಹಾಕಿಕೊಂಡು ಕೂತಿದ್ದಳು, ಕಿವಿಯಲ್ಲಿ ಹತ್ತಿ. ‘ಮಾವ, ಅಪ್ಪನಿಗೆ ನಾನು ಹೇಳೋಕಾಗಲ್ಲ, ನೀವು ಹೇಳ್ತೀರಾ?’ ಅಂದಳು. ಹೇಳುತ್ತೇನೆ ಅಂದೆ. ಒಳಗೆ ಹೋದೆ.

ಮಂಚದ ಮೇಲೆ ಕೂತು ರೈಲಿನ ಹಾಡನ್ನು ನುಡಿಸುತ್ತಿದ್ದ. ಕೇಳುವ ಹಾಗಿರಲಿಲ್ಲ. ಬೆರಳುಗಳು ಮಾತ್ರ ಹಿಂದಿನಂತೆಯೇ ಓಡುತ್ತಿದ್ದವು, ಅದನ್ನು ನೋಡಿಯೇ ನನಗೆ ಸಂಕಟವಾಯಿತು. ಮುಗಿಸಿ, ‘ಹೆಂಗಿದೆ?’ ಅಂದ. ಅವನ ಮುಖ ನೋಡಿದೆ. ‘ಫಸ್ಟ್ ಕ್ಲಾಸ್’ ಅಂದೆ. ಇನ್ನೆರಡು ಸಲ ಹೋದಾಗಲೂ ಅದೇ ಕಥೆ.

ನನ್ನ ಕೈಲಾಗಲಿಲ್ಲ. ನೀನು ಗಟ್ಟಿಗಿತ್ತಿ, ನಿನ್ನ ಕೈಲಾದೀತು. ಏನಾದರೂ ಮಾಡಿ ನಿಲ್ಲಿಸು. ಮ್ಯಾನೇಜರ್ ಬೇಡ ಅಂದರು ಎನ್ನು, ನಿನಗೆ ಜ್ವರ ಎನ್ನು. ಅವನಿಗೆ ನಿಜ ಹೇಳಿದರೂ ಸರಿ. ನನಗೆ ಬೇರೆ ದಾರಿ ಕಾಣುತ್ತಿಲ್ಲ.

ಮೈಕು


ಮೇ 12

ಮೈಕು,

ನಿನ್ನ ಕಾಗದ ಗುರುವಾರ ಬಂತು. ತಂತಿ ಬುಧವಾರವೇ ಬಂದಿಳಿದಿದ್ದ. ಕೈಯಲ್ಲಿ ಗಿಟಾರು, ಮೈಮೇಲೆ ಹೊಸ ಕೋಟು.

ಅಂಚೆಯವನು ಬಂದಾಗ ಬಾಗಿಲಿಗೆ ಹೋದವನು ಅವನೇ. ಲಕೋಟೆ ತಂದು ನನ್ನ ಕೈಗೆ ಕೊಟ್ಟು, ‘ಮೈಕಾಸುರನ ಅಕ್ಷರ. ಇಷ್ಟು ದಪ್ಪ ಇದೆ, ನನ್ ಬಗ್ಗೆ ಏನ್ ಬರ್ದಿದಾನೆ ಓದು’ ಎಂದು ಎದುರಿಗೆ ಕೂತ. ನಾನು ಓದಿದೆ. ಹಾಳೆಗಳನ್ನು ಮಡಿಸಿ ಮತ್ತೆ ಲಕೋಟೆಗೆ ತುರುಕಿದೆ. ‘ಏನಂತೆ?’ ಅಂದ. ‘ಚೆನ್ನಾಗಿ ನುಡಿಸ್ಲಿ ಅಂತ ಬರ್ದಿದಾನೆ’ ಅಂದೆ. ಅವನಿಗೆ ಕೇಳಿಸಲಿಲ್ಲ. ಆ ಸುಳ್ಳನ್ನು ಬೀದಿಗೆಲ್ಲ ಕೇಳುವ ಹಾಗೆ ಇನ್ನೊಮ್ಮೆ ಕೂಗಿದೆ. ‘ನಾಲ್ಕು ಹಾಳೇಲಿ ಬರೀ ಇಷ್ಟೇನಾ?’ ಎಂದು ನಕ್ಕ.

ನಿನಗೆ ಬೈಯಬೇಕೆಂದು ಎರಡು ದಿನ ಹಲ್ಲು ಕಡಿದೆ. ಆಮೇಲೆ ನನ್ನ ಕೈಲಿ ಏನಾಯಿತು ಎಂದು ನೋಡಿಕೊಂಡೆ. ಜ್ವರ ಎನ್ನಲು ಬಾಯಿ ಬರಲಿಲ್ಲ. ನಿಜ ಹೇಳಲೂ ಬರಲಿಲ್ಲ. ಅವನು ಅಭ್ಯಾಸ ಮಾಡುವಾಗ ನಮ್ಮೆಜಮಾನರು ಒಂದೇ ದಿನ ನಾಲ್ಕು ಸಲ ವಾಕಿಂಗ್ ಹೋಗಿ ಬಂದರು, ಪಾಪ. ಶನಿವಾರ ಬೆಳಿಗ್ಗೆ ಎಲೆಕ್ಟ್ರಿಷಿಯನ್ ಹತ್ತಿರ, ಕರೆಂಟು ಹೋದ ಹಾಗೆ ಮಾಡಲು ಆಗುತ್ತದೆಯೇ ಎಂದು ಕೇಳೋಣವೆಂದು ಹೋದೆ. ಅವನು ನನಗೆ ನಮಸ್ಕಾರ ಮಾಡಿ, ‘ಮೇಡಂ, ನಿಮ್ ಫಂಕ್ಷನ್ನಿಗೆ ಅಂತ ಹೊಸ ಸ್ಪೀಕರ್ ತಂದಿದೀನಿ’ ಅಂದ.

ತಂತಿ ಅರ್ಧ ಗಂಟೆ ನುಡಿಸಿದ. ಮೊದಲನೇ ಹಾಡಿಗೆ ಜನ ಮರ್ಯಾದೆಗೆ ಸುಮ್ಮನಿದ್ದರು. ಎರಡನೆಯದಕ್ಕೆ ಮುಖ ಮುಖ ನೋಡಿಕೊಂಡರು. ಮೂರನೆಯದಕ್ಕೆ ಹಿಂದಿನ ಸಾಲಿನಲ್ಲಿ ನನ್ನದೇ ಹುಡುಗಿಯರು ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ನಾನು ತಿರುಗಿ ಕಣ್ಣು ಕೆಕ್ಕರಿಸಿದೆ. ಕೊನೆಯ ಸಲ ದೊರೆಸಾನಿಗಿರಿ ಮಾಡಿದ್ದು ಹಾಗೆ. ಮುಗಿದ ಕೂಡಲೇ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಮೇಡಂ ಎದ್ದಳೆಂದು ಇನ್ನೂರು ಜನವೂ ಎದ್ದು ತಟ್ಟಿದರು. ಅವನು ಮಗುವಿನ ಹಾಗೆ ಅರಳಿಹೋದ.

ನಿನಗೆ ಇದನ್ನು ಬರೆಯಲೇಬೇಕು. ರೈಲು ಹತ್ತಿಸಲು ಹೋದಾಗ ಹೇಳಿದ: ‘ಇವತ್ತು ಗೊತ್ತಾಯ್ತು ಕಣೇ, ನಾನೊಬ್ನೇ ಇದ್ರೆ ಜನ ಹೆಂಗೆ ಎದ್ದು ನಿಲ್ತಾರೆ ಅಂತ. ಅಲ್ಲಿ ಒಂದು ಭಾನುವಾರನೂ ಒಬ್ರೂ ಎದ್ದಿಲ್ಲ. ಮೈಕಾಸುರ ನನ್ ಸೌಂಡ್ ಕಮ್ಮಿ ಇಡ್ತಿದಾನೆ. ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು.’ ಆರ್ಕೆಸ್ಟ್ರಾ ಬಿಡುತ್ತಾನಂತೆ. ಮುಂದಿನ ತಿಂಗಳು ಲೈಬ್ರರಿ ಹಾಲಿನಲ್ಲಿ ಒಬ್ಬನೇ ನುಡಿಸುತ್ತಾನಂತೆ.

ಅವನು ಹಾಗಲ್ಲ ಎಂದು ನಿನ್ನ ಪರ ಮಾತಾಡಲು ಬಾಯಿ ತೆರೆದೆ. ಏನು ಹೇಳಲಿ? ನಿನ್ನನ್ನು ಉಳಿಸಬೇಕಾದರೆ ಅವನನ್ನು ಮುಳುಗಿಸಬೇಕು. ರೈಲು ಹೊರಟಿತು. ನನ್ನನ್ನು ಕ್ಷಮಿಸು ಕಣೋ, ನಾನು ಸುಮ್ಮನೆ ಕೈ ಬೀಸುತ್ತ ನಿಂತೆ.

ದೊರೆಸಾನಿ


ಮೇ 19

ದೊರೆಸಾನಿ,

ನಿನ್ನ ಕಾಗದ ಕೈ ಸೇರುವ ಮೊದಲೇ ತಂತಿ ಬಂದಿದ್ದ.

ಬುಧವಾರ ಬೆಳಿಗ್ಗೆ, ನನ್ನ ಮೈಕಿನ ಅಂಗಡಿಯಲ್ಲಿ ಒಂದು ಹಳೆ ಸ್ಪೀಕರ್ ಬಿಚ್ಚಿಕೊಂಡು ಕೂತಿದ್ದೆ. ಒಳಗೆ ಬಾ ಅಂದೆ, ಬರಲಿಲ್ಲ. ಹೊಸ ಕೋಟಿನಲ್ಲೇ ಮೆಟ್ಟಿಲ ಮೇಲೆ ನಿಂತು, ‘ಒಂದೇ ಒಂದು ಮಾತು ಕೇಳ್ತೀನಿ. ನನ್ ಸೌಂಡ್ ಕಮ್ಮಿ ಇಡ್ತಿದ್ಯಾ?’ ಅಂದ. ಇಲ್ಲ ಎನ್ನಬಹುದಿತ್ತು. ಇಷ್ಟು ದಿನ ಹೇಳಿದ ಸುಳ್ಳುಗಳ ಜೊತೆ ಇನ್ನೊಂದು. ಯಾಕೋ ತಲೆ ತಾನಾಗಿಯೇ ಹೌದೆಂದು ಆಡಿತು.

‘ಯಾಕೋ?’ ಅಂದ.

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವ ಹಾಗೆ ಕೇಳಿದ. ನಿಜ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಿನ್ನ ಕಿವಿ ಹೋಗಿದೆ ಕಣೋ, ಅಷ್ಟು ಹೇಳಿದರೆ ಸಾಕಿತ್ತು. ಆದರೆ ಅವನು ಬಂದು ನಿಂತಿದ್ದ ರೀತಿ ನೀನು ನೋಡಬೇಕಿತ್ತು. ಹೆಂಡತಿ ಹೋದ ಮೇಲೆ ಅವನು ಅಷ್ಟು ನೆಟ್ಟಗೆ ನಿಂತಿದ್ದನ್ನು ನಾನು ಕಂಡಿರಲಿಲ್ಲ.

‘ಹೊಟ್ಟೆಕಿಚ್ಚು’ ಅಂದೆ.

‘ಏನಂದೆ?’ ಎಂದು ಕಿವಿಗೆ ಕೈ ಇಟ್ಟುಕೊಂಡ. ಇನ್ನೊಂದು ಸಲ ಕೂಗಬೇಕಾಯಿತು. ಪಕ್ಕದ ಅಂಗಡಿಯವರು ಹೊರಗೆ ಬಂದು ನೋಡಿದರು.

ಲೈಬ್ರರಿ ಹಾಲಿನಲ್ಲಿ ಏನಾಗುತ್ತದೋ ನನಗೆ ಗೊತ್ತಿಲ್ಲ. ಮೈಕಿಗೆ ಬೇರೆಯವರನ್ನು ಗೊತ್ತು ಮಾಡಿದ್ದಾನೆ. ನಾನು ಆ ಕಡೆ ಸುಳಿಯುವ ಹಾಗಿಲ್ಲ. ನೀನು ಡ್ರೈವರನನ್ನೂ ಕಾಂಪೌಂಡರನನ್ನೂ ಕರೆದುಕೊಂಡು ಹೋಗು, ಮೊದಲು ಎದ್ದು ನಿಲ್ಲಲು ಯಾರಾದರೂ ಇರಲಿ. ನನ್ನ ಬಗ್ಗೆ ಕೇಳಿದರೆ ನೀನೂ ಅದನ್ನೇ ಹೇಳು. ನಾವಿಬ್ಬರೂ ಬೇರೆ ಬೇರೆ ಹೇಳುವುದು ಬೇಡ.

ಒಂದು ವಿಷಯ ಮಾತ್ರ ತಡೆದುಕೊಳ್ಳಲು ಆಗುತ್ತಿಲ್ಲ, ನಿನಗಲ್ಲದೆ ಯಾರಿಗೆ ಹೇಳಲಿ. ನಲವತ್ತು ವರ್ಷದ ಸ್ನೇಹ. ಹೊಟ್ಟೆಕಿಚ್ಚು ಅಂದ ಕೂಡಲೇ, ‘ಸುಳ್ಳು ಹೇಳ್ಬೇಡ, ನೀನು ಅಂಥವನಲ್ಲ’ ಎನ್ನುತ್ತಾನೆ ಅಂದುಕೊಂಡಿದ್ದೆ. ಒಂದು ಗಳಿಗೆ ಅದಕ್ಕಾಗಿ ಕಾದೆ. ಅವನು, ‘ಹಂಗೇ ಅಂದ್ಕೊಂಡಿದ್ದೆ’ ಎಂದು ತಿರುಗಿ ಹೋದ.

ಮೈಕು